ಕಾಲುಚೀಲದೊಳಗಿದ್ದ ಇನ್‌ಹೇಲರ್

ನಮ್ಮ ಶಾಲೆಯ ಮೈದಾನಕ್ಕೆ ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಆ ತೋಟದವರ ಮನೆ. ಅಡಿಕೆ ಗೊನೆಗಳ ಕೊಯ್ಲು ಶುರುವಾಯಿತೆಂದರೆ ಬೆಳಗಿನ ಜಾವಕ್ಕೇ ಅಡಿಕೆ ಬೇಯಿಸುವ ಒಲೆ ಹೊತ್ತಿಕೊಳ್ಳುತ್ತದೆ. ಆ ಹೊಗೆ ಇಬ್ಬನಿಯ ಜೊತೆ ಸೇರಿ ಮೇಲೆ ಏಳಲಾರದೆ ಮೈದಾನದಲ್ಲೇ ಮಲಗಿಬಿಡುತ್ತದೆ. ತೀರ್ಥಹಳ್ಳಿ ಕಡೆಯವರಿಗೆ ಇದು ಹೊಸತೇನಲ್ಲ. ಅಡಿಕೆ ಬೇಯಿಸಿದ ಚೊಗರಿನ ವಾಸನೆ ಮೂಗಿಗೆ ಬೀಳದಿದ್ದರೆ ಚಳಿಗಾಲ ಬಂತೆಂದೇ ಅನ್ನಿಸುವುದಿಲ್ಲ. ಹನ್ನೊಂದು ವರ್ಷದಿಂದ ಅದೇ ಮೈದಾನದಲ್ಲಿ ಮಕ್ಕಳನ್ನು ಓಡಿಸುತ್ತಿರುವ ದೈಹಿಕ ಶಿಕ್ಷಣ ಶಿಕ್ಷಕಿ ನಾನು. ಆ ಹೊಗೆಯನ್ನು ಒಂದು ದಿನವೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಏಳೂವರೆ ಹೊತ್ತಿಗೆ, ವಾರ್ಷಿಕೋತ್ಸವದ ಪಂದ್ಯಕ್ಕೆಂದು ಹೆಣ್ಣುಮಕ್ಕಳ ಖೋ ಖೋ ಅಭ್ಯಾಸ ನಡೆದಿತ್ತು. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಾಳೆ, ಕಂಬದ ಹತ್ತಿರ ಮೈ ಬಾಗಿಸಿ ತಿರುಗಿದಳೆಂದರೆ ಅಟ್ಟಿಸಿಕೊಂಡು ಬಂದವಳ ಕೈಗೆ ಬರೀ ಗಾಳಿ ಸಿಗುತ್ತದೆ. ಅವತ್ತು ಮೊದಲ ತಂಡದಲ್ಲಿ ಇಳಿದು ಚೆನ್ನಾಗಿಯೇ ಓಡಿದಳು. ಔಟಾಗಿ ಬಂದು ನಲ್ಲಿಯ ಕಟ್ಟೆ ಮೇಲೆ ಕೂತು ಕೆಮ್ಮತೊಡಗಿದಳು. "ಸುಸ್ತಾಯ್ತಾ ಪುಟ್ಟಿ? ಸ್ವಲ್ಪ ಕೂತ್ಕೋ, ನೀರು ಕುಡಿ" ಎಂದು ಹೇಳಿ ನಾನು ಮುಂದಿನ ತಂಡದ ಕಡೆ ತಿರುಗಿದೆ.

ನಾನು ತಪ್ಪಿದ್ದು ಅಲ್ಲೇ. ಓಡಿ ನಿಂತವರ ಉಸಿರು ಕೂತರೆ ಇಳಿಯುತ್ತದೆ ಎಂಬ ಲೆಕ್ಕ ನನ್ನದು. ಉಬ್ಬಸದ ಮಕ್ಕಳಲ್ಲಿ ಇದು ತಿರುಗಾಮುರುಗಾ. ಎಷ್ಟೋ ಸಲ ಓಡುವಾಗ ಏನೂ ಆಗಿರುವುದಿಲ್ಲ, ನಿಂತ ಐದು-ಹತ್ತು ನಿಮಿಷಕ್ಕೆ ಜೋರಾಗುತ್ತದೆ.

ಯಾರೋ ಕೂಗಿದರೆಂದು ತಿರುಗಿ ನೋಡಿದೆ. ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಕಿವಿಯವರೆಗೆ ಎತ್ತಿಕೊಂಡು ಕೂತಿದ್ದಳು. ಪ್ರತಿ ಉಸಿರಿಗೂ ಕತ್ತಿನ ಬುಡದ ಗುಳಿ ಒಳಕ್ಕೆ ಹೋಗುತ್ತಿತ್ತು, ಯಾರೋ ಒಳಗಿನಿಂದ ಬೆರಳು ಹಾಕಿ ಎಳೆದ ಹಾಗೆ. ಉಸಿರು ಬಿಡುವಾಗ ಸುಂಯ್ ಎಂದು ಸಣ್ಣ ಸದ್ದು. "ಟೀಚರ್... ಬ್ಯಾಗು... ಕಾಲುಚೀಲ..." ಒಂದೊಂದು ಮಾತಿಗೂ ನಡುವೆ ಒಂದೊಂದು ಉಸಿರು. ಅವಳ ಗೆಳತಿ ಕ್ಲಾಸಿಗೆ ಓಡಿ ಬ್ಯಾಗನ್ನೇ ಹೊತ್ತು ತಂದಳು. ಪುಸ್ತಕಗಳ ಅಡಿಯಲ್ಲಿ, ಹಳೇ ಬಿಳಿ ಕಾಲುಚೀಲದೊಳಗೆ ಸುತ್ತಿಟ್ಟ ನೀಲಿ ಇನ್‌ಹೇಲರ್ ಇತ್ತು.

ಅಷ್ಟರಲ್ಲಿ ಸುತ್ತ ಮಕ್ಕಳ ಗುಂಪು. "ಮಲಗಿಸಿ ಟೀಚರ್, ಮಲಗಿಸಿ" ಎನ್ನುವವರೇ ಎಲ್ಲ. ಮಲಗಿಸಬಾರದು ಎನ್ನುವುದೊಂದು ಎಂದೋ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕೇಳಿದ್ದು ನೆನಪಿತ್ತು. ನೆಟ್ಟಗೆ ಕೂರಿಸಿ, ವೇಲಿನ ಗಂಟು ಬಿಚ್ಚಿ, ಉಳಿದವರನ್ನು ದೂರ ಕಳಿಸಿದೆ. ಗಾಬರಿಯಲ್ಲಿ ಅವಳು ಒತ್ತಿದ ಮೊದಲ ಪಫ್ ಬೀಡಿ ಹೊಗೆಯ ಹಾಗೆ ಬಾಯಿಂದಲೇ ಹೊರಗೆ ಬಂತು. ಇನ್‌ಹೇಲರ್ ನನ್ನ ಕೈಗೆ ತೆಗೆದುಕೊಂಡೆ. ಅಲುಗಾಡಿಸಿ, "ಮೊದಲು ಉಸಿರು ಬಿಡು ಮಗಾ... ಈಗ ನಿಧಾನ ಎಳ್ಕೋ..." ಎನ್ನುತ್ತಾ ಅವಳು ಎಳೆಯಲು ಶುರುಮಾಡಿದಾಗ ಒತ್ತಿದೆ. "ಹಿಡಿದುಕೋ... ಆದಷ್ಟು ಹೊತ್ತು." ಅರ್ಧ ನಿಮಿಷ ಬಿಟ್ಟು ಇನ್ನೊಂದು. ನನ್ನ ಕೈ ನಡುಗುತ್ತಿದ್ದುದು ಅವಳಿಗೆ ಕಾಣಬಾರದೆಂದು ಅವಳ ಬೆನ್ನ ಮೇಲೆ ಇಟ್ಟುಕೊಂಡಿದ್ದೆ. ಆರನೇ ಪಫ್ ಆದ ಮೇಲೆ ಭುಜ ಸ್ವಲ್ಪ ಇಳಿಯಿತು. "ಟೀಚರ್, ನೀರು ಬೇಕು" ಎಂದು ಒಂದೇ ಉಸಿರಿಗೆ ಹೇಳಿದಳು. ಆ ಮೂರು ಮಾತು ಕೇಳಿ ನನಗೂ ಉಸಿರು ಬಂತು. ಹೆಡ್ ಮಾಸ್ಟ್ರ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನೊಳಗೆ ಕಳಿಸುವ ನೆಬ್ಯುಲೈಸರ್ ಹಾಕಿ ಮಧ್ಯಾಹ್ನ ಮನೆಗೆ ಕಳಿಸಿದರು.

ಸಂಜೆ ಅವರ ಮನೆಗೆ ಹೋದೆ. ಕಾಲುಚೀಲದ ವಿಷಯ ಕೇಳಿದಾಗ ಅವಳಮ್ಮ ಸೆರಗಿನ ಅಂಚು ಹಿಡಿದುಕೊಂಡೇ ಹೇಳಿದರು: "ಎಂತ ಮಾಡೋದು ಟೀಚರ್ರೇ, ಹೆಣ್ಣುಹುಡುಗಿ. ದಮ್ಮು ಇದೆ ಅಂತ ಊರಿಗೆಲ್ಲ ಗೊತ್ತಾದ್ರೆ ನಾಳೆ ಯಾರು ಕೇಳ್ತಾರೆ?" ಒಳಗಿಂದ ಅಜ್ಜಿ, "ಆ ಪಂಪಿನ ಚಟ ಹತ್ತಿದ್ರೆ ಬಿಡ್ಸೋಕಾಗಲ್ಲ" ಎಂದರು. ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಇದೇ ಮಾತನ್ನು ನಮ್ಮ ಮನೆಯಲ್ಲೂ ಕೇಳಿ ಬೆಳೆದವಳು ನಾನು.

ಮುಂದಿನ ವಾರ ಅವರಮ್ಮನ ಜೊತೆ ನಾನೂ ಶಿವಮೊಗ್ಗಕ್ಕೆ, ಮಕ್ಕಳ ಡಾಕ್ಟರ ಹತ್ತಿರ ಹೋದೆ. ಒಂದು ಗಂಟೆ ಕೂರಿಸಿ ಹೇಳಿದರು. ಓಡುವಾಗ ನಾವು ಬಾಯಲ್ಲಿ ಉಸಿರಾಡುತ್ತೇವೆ, ಮೂಗು ಗಾಳಿಯನ್ನು ಬೆಚ್ಚಗೆ, ಒದ್ದೆ ಮಾಡಿ ಕಳಿಸುವ ಕೆಲಸ ತಪ್ಪುತ್ತದೆ. ತಣ್ಣನೆ ಗಾಳಿ ಶ್ವಾಸನಾಳವನ್ನು ಒಣಗಿಸುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. "ಇಬ್ಬನಿ ಬಿದ್ದಿರುತ್ತಲ್ಲ ಡಾಕ್ಟ್ರೇ, ಗಾಳಿ ಒದ್ದೆಯೇ ಅಲ್ವಾ?" ಎಂದು ಕೇಳಿದೆ. ತಣ್ಣನೆ ಗಾಳಿ ಹೊರುವ ನೀರೇ ಕಡಿಮೆ, ಎದೆಯೊಳಗೆ 37 ಡಿಗ್ರಿಗೆ ಬಿಸಿಯಾಗುವಾಗ ಅದಕ್ಕೆ ಅಷ್ಟು ಸಾಲುವುದಿಲ್ಲ, ಒಳಗಿನ ಪಸೆಯನ್ನೇ ಎಳೆದುಕೊಳ್ಳುತ್ತದೆ ಎಂದರು. ಅದರ ಮೇಲೆ ಒಲೆಯ ಹೊಗೆ, ಅಡಿಕೆ ಸಿಪ್ಪೆಯ ಧೂಳು.

ನೀಲಿ ಇನ್‌ಹೇಲರಿನೊಳಗೆ ಇರುವುದು ಸಾಲ್ಬುಟಮಾಲ್. ಬಿಗಿದ ಸ್ನಾಯು ಸಡಿಲಿಸುತ್ತದೆ, ನಿಮಿಷಗಳಲ್ಲಿ ಕೆಲಸ ಶುರು. ಅದು ಚಟ ಹತ್ತಿಸುವ ವಸ್ತುವಲ್ಲ. ಆದರೆ ಅದೇ ಮೇಲಿಂದ ಮೇಲೆ ಬೇಕಾಗುತ್ತಿದೆ ಎಂದರೆ ದಿನವೂ ತೆಗೆದುಕೊಳ್ಳುವ ಇನ್ನೊಂದು ಇನ್‌ಹೇಲರ್ ಬೇಕು, ಒಳಗಿನ ಊತ ಇಳಿಸುವಂಥದ್ದು. ಅದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಈ ಹುಡುಗಿಗೆ ಎರಡನ್ನೂ ಬರೆದರು, ಆಟಕ್ಕೆ ಕಾಲು ಗಂಟೆ ಮೊದಲು ನೀಲಿಯದರಿಂದ ಎರಡು ಪಫ್. ಅಟ್ಯಾಕ್ ಬಂದಾಗ ಅರ್ಧದಿಂದ ಒಂದು ನಿಮಿಷಕ್ಕೆ ಒಂದರಂತೆ ಹತ್ತರವರೆಗೆ ಕೊಡಬಹುದು. ಅಷ್ಟಕ್ಕೂ ಇಳಿಯದಿದ್ದರೆ, ಅಥವಾ ನಡುವೆಯೇ ಹೆಚ್ಚಾದರೆ, ತುಟಿ ನೀಲಿಯಾದರೆ, ಮಾತೇ ಹೊರಡದಿದ್ದರೆ 108ಕ್ಕೆ ಫೋನ್ ಮಾಡಬೇಕು. ಸುಂಯ್ ಸದ್ದು ನಿಂತು ಮಗು ಮಾತ್ರ ಒದ್ದಾಡುತ್ತಿದ್ದರೆ ಕಡಿಮೆಯಾಯಿತೆಂದು ತಿಳಿಯಬೇಡಿ, ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ಈ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು.

ಸ್ಪೇಸರ್ ಎಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ. ಅದಿದ್ದರೆ ಒತ್ತುವುದು, ಎಳೆಯುವುದು ಎರಡನ್ನೂ ಒಟ್ಟಿಗೆ ಹೊಂದಿಸುವ ಕಷ್ಟವಿಲ್ಲ. ಒಂದು ಪಫ್ ಒತ್ತಿ, ನಾಲ್ಕೈದು ಸಲ ಉಸಿರಾಡಿದರೆ ಸಾಕು. ಕೊಳ್ಳಲಾಗದವರಿಗೆ 500 ಮಿ.ಲೀ. ನೀರಿನ ಬಾಟಲಿಯೇ ಆದೀತು ಎಂದು ಡಾಕ್ಟರೇ ಹೇಳಿಕೊಟ್ಟರು. ಇನ್‌ಹೇಲರಿನ ಬಾಯಿಯ ಅಳತೆಗೆ ತಂತಿ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳಕ್ಕೆ ಒತ್ತಿದರೆ ಸರಿಯಾಗಿ ಕೂರುವ ತೂತು. ಸೋಪಿನ ನೀರಲ್ಲಿ ತೊಳೆದು, ಒರೆಸದೆ ಹಾಗೇ ಒಣಗಲು ಬಿಡಬೇಕು, ಇಲ್ಲದಿದ್ದರೆ ಔಷಧಿ ಪ್ಲಾಸ್ಟಿಕ್ಕಿಗೇ ಅಂಟುತ್ತದೆ. ಮನೆಗೆ ಬಂದು ಬಚ್ಚಲೊಲೆಯ ಕೆಂಡದಲ್ಲಿ ತಂತಿ ಕಾಯಿಸಿ ಎರಡು ಮಾಡಿದೆ. ಮೊದಲನೆಯದು ವಕ್ರವಾಯಿತು, ಎರಡನೆಯದು ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿದೆ.

ಅಭ್ಯಾಸವನ್ನು ಸಂಜೆ ನಾಲ್ಕಕ್ಕೆ ಬದಲಿಸಿದೆ. ಮೊದಲು ಹದಿನೈದು ನಿಮಿಷ ನಿಧಾನದ ಓಟ. ಅವಳನ್ನು ಆಟದಿಂದ ಬಿಡಿಸಿಬಿಡಿ ಎಂದು ಒಬ್ಬಿಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಬ್ರಿಟನ್ನಿನ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್‌ಗೆ ಹದಿಹರೆಯದಲ್ಲೇ ಅಸ್ತಮಾ ಇತ್ತು, 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ ಮಾಡಿದ ಮಹಿಳೆಯರ ವಿಶ್ವದಾಖಲೆ 16 ವರ್ಷ ನಿಂತಿತ್ತು ಎಂದು ಹುಡುಗಿಗೆ ಹೇಳಿದೆ. "ಅವ್ರೂ ಪಂಪ್ ಎಳೀತಿದ್ರಾ ಟೀಚರ್?" ಎಂದು ಕೇಳಿದಳು. ಹೌದು ಮಗಾ ಎಂದೆ.

ಜನವರಿಯ ಮೊದಲ ಅಭ್ಯಾಸದ ದಿನ ಎಲ್ಲರೆದುರೇ ಇನ್‌ಹೇಲರ್ ಅಲುಗಾಡಿಸಿ, ಬಾಟಲಿಗೆ ಸಿಕ್ಕಿಸಿ, ಎರಡು ಪಫ್ ಎಳೆದು, ಅದನ್ನು ಖೋ ಖೋ ಕಂಬದ ಪಕ್ಕ ಕುರ್ಚಿಯ ಮೇಲೆ ಇಟ್ಟು ಓಡಿದಳು. ಆಟ ಮುಗಿದು ಬಲೆ, ಚೆಂಡು ಎಲ್ಲ ಒಳಗಿಡುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಸ್ಟೋರ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಊಟದ ಬುತ್ತಿಯ ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದೊಂದನ್ನು ತೆಗೆದು ನನ್ನ ಕೈಗಿಟ್ಟ.

"ಟೀಚರ್, ನಂದೂ ಆ ಪೆಟ್ಟಿಗೆಯಲ್ಲಿ ಇಡಬಹುದಾ?"