ಮೆಷಿನ್ ಡ್ರಾಯಿಂಗ್ ಮೇಷ್ಟ್ರು ಮತ್ತು 35 ಮೈಕ್ರಾನ್

ನಮಗೆ ಮೆಷಿನ್ ಡ್ರಾಯಿಂಗ್ ಕಲಿಸಿದ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗ ನನಗೆ ನೆನಪಾದದ್ದು ಒಂದೇ ಪಾಠ: ಶಾಫ್ಟು, ಅಂದರೆ ಯಂತ್ರದ ದಂಡ, ರಂಧ್ರದಲ್ಲಿ ಸಡಿಲವಾಗಿರಬೇಕೋ, ಬಿಗಿಯಾಗಿರಬೇಕೋ ಎಂಬುದು. ಉಳಿದ ಪಠ್ಯಕ್ರಮವೆಲ್ಲ ಪರೀಕ್ಷೆಯ ಮರುದಿನವೇ ಮರೆತುಹೋಗಿತ್ತು.

ಅವರ ಮೇಜಿನ ಮೇಲೆ 25 ಮಿಲಿಮೀಟರ್ ರಂಧ್ರದ ಒಂದು ಬುಷ್ಷೂ (ಕೊಳವೆಯಂಥ ಲೋಹದ ತುಂಡು) ಅವಳಿಗಳಂತೆ ಕಾಣುವ ಎರಡು ಶಾಫ್ಟುಗಳೂ ಸದಾ ಇರುತ್ತಿದ್ದವು. ರಂಧ್ರ ಎಚ್7 ಎಂಬ ಅಳತೆಯ ದರ್ಜೆಯದು, ಅಂದರೆ 25ಕ್ಕಿಂತ ಕಡಿಮೆಯಾಗುವಂತಿಲ್ಲ, ಹೆಚ್ಚೆಂದರೆ 21 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡದಿರಬಹುದು. ಜಿ6 ಶಾಫ್ಟು 7ರಿಂದ 20 ಮೈಕ್ರಾನ್ ಚಿಕ್ಕದಾದ್ದರಿಂದ ಎಣ್ಣೆ ಸವರಿದರೆ ತಾನಾಗಿ ಇಳಿಯುತ್ತಿತ್ತು. ಪಿ6 ಶಾಫ್ಟು 22ರಿಂದ 35 ಮೈಕ್ರಾನ್ ದಪ್ಪವಾದ್ದರಿಂದ ಅದಕ್ಕೆ ಒತ್ತಿ ಕೂರಿಸುವ ಪ್ರೆಸ್ಸೇ ಬೇಕಿತ್ತು. ರಂಧ್ರವು ಅದನ್ನು ನಿಖರಗೊಳಿಸುವ ಉಪಕರಣವಾದ ರೀಮರಿನ ಅಳತೆಗೆ ಕಟ್ಟುಬಿದ್ದಿರುತ್ತದೆ, ಶಾಫ್ಟನ್ನು ಗ್ರೈಂಡಿಂಗಿನಲ್ಲಿ ಬೇಕಾದಷ್ಟಕ್ಕೆ ಇಳಿಸಬಹುದು, ಆದ್ದರಿಂದ ರಂಧ್ರವನ್ನು ಕದಲಿಸದೆ ಶಾಫ್ಟಿನ ಅಳತೆಯನ್ನು ಆರಿಸಿಕೊಳ್ಳುವುದೇ ವಾಡಿಕೆ ಎಂದು ಅವರು ಹೇಳುತ್ತಿದ್ದರು.

ಒಂದು ದಿನ ತರಗತಿಗೆ ಮೊದಲೇ ನಾವು ಬುಷ್ಷನ್ನು ಹೀಟರಿನ ಮೇಲಿಟ್ಟು ಕಾಯಿಸಿ ವೈಸಿಗೆ ಕಚ್ಚಿಸಿಟ್ಟೆವು. ಉಕ್ಕು ನೂರು ಡಿಗ್ರಿ ಬಿಸಿಯೇರಿದರೆ 25 ಮಿಲಿಮೀಟರಿಗೆ ಸುಮಾರು 30 ಮೈಕ್ರಾನ್ ಹಿಗ್ಗುತ್ತದೆಂದು ಅವರೇ ಲೆಕ್ಕ ಹಾಕಿಸಿದ್ದರು. ಪ್ರೆಸ್ಸಿಲ್ಲದೆ ಹೋಗದೆಂದು ತೋರಿಸಲು ಅವರು ಹಿಡಿದ ಪಿ6 ಶಾಫ್ಟು ಸಲೀಸಾಗಿ ಒಳಗಿಳಿಯಿತು. ನಾವು ನಗು ತಡೆದುಕೊಂಡೆವು. ಸುಟ್ಟ ಎಣ್ಣೆಯ ವಾಸನೆ ಅವರ ಮೂಗಿಗೆ ಬಡಿಯದೆ ಇರಲಿಲ್ಲವೆಂದು ನನ್ನ ಅನುಮಾನ. ಏನೂ ನಡೆಯದವರಂತೆ ಪಾಠ ಮುಂದುವರಿಸಿದ ಅವರು ಗಂಟೆ ಹೊಡೆಯುವ ಮುನ್ನ, "ಕಾಯಿಸಿದವರೇ ತೆಗೆಯಿರಪ್ಪಾ" ಎಂದರು. ತಣಿದ ಬುಷ್ಷು ಶಾಫ್ಟನ್ನು ಬಿಡಲಿಲ್ಲ. ಅಂದಿನ ಊಟದ ಬಿಡುವು ಪ್ರೆಸ್ಸಿನ ಮುಂದೆಯೇ ಕಳೆಯಿತು.

ಬಿಗಿಯೋ ಸಡಿಲವೋ ಎಂದು ಅವರು ಎಂದೂ ನೇರವಾಗಿ ಕೇಳುತ್ತಿರಲಿಲ್ಲ. ಮುಂದೆಂದಾದರೂ ಇದನ್ನು ಬಿಚ್ಚಬೇಕೇ, ತಿರುಚುಬಲವನ್ನು ಕೀಲಿ (ಶಾಫ್ಟು ಜಾರದಂತೆ ಕೂರಿಸುವ ಲೋಹದ ತುಂಡು) ಹೊರುತ್ತದೆಯೇ ಇಲ್ಲವೇ ಬಿಗಿತವೇ ಹೊರಬೇಕೇ, ಭಾರದ ದಿಕ್ಕಿಗೆ ಹೋಲಿಸಿದರೆ ಬೇರಿಂಗಿನ ಯಾವ ರಿಂಗು ತಿರುಗುತ್ತದೆ ಎಂದು ಕೇಳುತ್ತಿದ್ದರು. ತಿರುಗುವ ರಿಂಗು ಸಡಿಲವಿದ್ದರೆ ಅದು ಕೂತಲ್ಲೇ ಜಾರುತ್ತ ಶಾಫ್ಟನ್ನು ತಿನ್ನುತ್ತದೆ. ಅತಿ ಬಿಗಿಯಾದರೆ ಒಳಗಿನ ಗುಂಡುಗಳಿಗೆ ಜಾಗ ಕಡಿಮೆಯಾಗಿ ಬೇರಿಂಗು ಕಾಯುತ್ತದೆ.

ಈಗಿನ ಮಕ್ಕಳಿಗೆ ಕಂಪ್ಯೂಟರು ಟಾಲರೆನ್ಸಿನ (ಅಳತೆಯಲ್ಲಿ ಒಪ್ಪಬಹುದಾದ ಏರುಪೇರಿನ) ಪಟ್ಟಿಯನ್ನೇ ತೆರೆದಿಡುತ್ತದೆ. ಅನುಮಾನ ಬಂದಲ್ಲೆಲ್ಲ ಅವರು ಇನ್ನಷ್ಟು ಬಿಗಿಯಾದ ಟಾಲರೆನ್ಸನ್ನು ಆರಿಸುತ್ತಾರೆ, ಗ್ರೈಂಡಿಂಗಿನ ಖರ್ಚು ಮಾತ್ರ ಏರುತ್ತದೆ. ಇಷ್ಟು ವರ್ಷ ಡ್ರಾಯಿಂಗುಗಳನ್ನು ತಿದ್ದಿದ ನನ್ನ ಕಣ್ಣಿಗೆ ಅಂಥವು ಬೇಗ ಬೀಳುತ್ತವೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇತ್ತೀಚೆಗೆ ಒಬ್ಬ ಯುವಕ, ನಿಂತ ಆಕ್ಸಲ್ಲಿನ ಮೇಲೆ ತಿರುಗುವ ಪುಲ್ಲಿಗೆ, ಬೇರಿಂಗಿನ ಒಳರಿಂಗನ್ನು ಬಿಗಿಯಾಗಿಯೂ ಹೊರರಿಂಗನ್ನು ಸಡಿಲವಾಗಿಯೂ ಬರೆದಿದ್ದ. ಯಾವುದು ತಿರುಗುತ್ತದೆ ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ನೋಡಿ, ಆಕ್ಸಲ್ಲಿಗೆ ಸಡಿಲದ ಜಿ6, ಪುಲ್ಲಿಯ ರಂಧ್ರಕ್ಕೆ ಬಿಗಿಯ ಎನ್7 ಎಂದು ಅವನೇ ತಿದ್ದಿಕೊಂಡ.