ಕಪ್ಪಿಗೆ ಅಂಟಿಸಿದ ಪಟ್ಟಿ

ಅಮೆರಿಕದಲ್ಲಿ ವಿಮಾನದ ಮೆಕ್ಯಾನಿಕ್ ಆಗಿರೋ ಗೆಳೆಯ ಇವತ್ತು ಫೋನ್ ಮಾಡಿದ್ದ. ಶಿಫ್ಟ್ ಮಧ್ಯೆ ಕರೆದು ಡ್ರಗ್ ಟೆಸ್ಟ್ ಮಾಡಿದ್ರಂತೆ. ಅನುಮಾನ ಬಂದು ಅಲ್ಲ. ಕಂಪ್ಯೂಟರ್ ಆರಿಸಿದ ಹೆಸರುಗಳಲ್ಲಿ ಅವನದೂ ಇತ್ತು, ಅಷ್ಟೇ.

ಮೂತ್ರದ ಕಪ್ಪಿಗೆ ಉಷ್ಣತೆ ತೋರಿಸೋ ಪಟ್ಟಿಯೊಂದನ್ನ ಅಂಟಿಸಿರ್ತಾರೆ. ಕೊಟ್ಟ 4 ನಿಮಿಷದೊಳಗೆ ಅದನ್ನ ನೋಡ್ಬೇಕು. 32ರಿಂದ 38 ಡಿಗ್ರಿ ಸೆಲ್ಸಿಯಸ್ ಇದ್ರೆ ಸರಿ, ಬೇರೆಯವರ ಮೂತ್ರ ತಂದು ಸುರಿದಿಲ್ಲ, ಆಗಷ್ಟೇ ಕೊಟ್ಟಿದ್ದು ಅಂತ ಲೆಕ್ಕ. ಇಲ್ಲಾಂದ್ರೆ ಮತ್ತೆ ಕೊಡ್ಬೇಕು, ಆಗ ಒಬ್ಬರು ಎದುರಲ್ಲೇ ನಿಂತು ನೋಡ್ತಾರೆ.

ಎಂಥಾ ಮುಜುಗರ, ಪಾಪ.

ಆದ್ರೂ ಟೆಸ್ಟೇ ಬೇಡ ಅನ್ನೋಕೆ ನನ್ನಿಂದಾಗಲ್ಲ. ಅವನು ಬಿಗಿ ಮಾಡಿದ ಬೋಲ್ಟ್ ನಂಬಿ ನೂರಾರು ಜನ ಹತ್ತಿ ಕೂರ್ತಾರೆ.

ನನ್ನ ತಕರಾರು ಬೇರೆ. ಉಸಿರಿನ ಟೆಸ್ಟ್ ಈಗ ಮೈಯಲ್ಲಿ ಎಷ್ಟು ಮದ್ಯ ಇದೆ ಅಂತ ಹೇಳುತ್ತೆ. ಮೂತ್ರದ್ದು ಹಾಗಲ್ಲ. ಗಾಂಜಾದ ಕುರುಹು ಅದರಲ್ಲಿ ದಿನಗಟ್ಟಲೆ ಇರುತ್ತೆ, ದಿನಾ ಸೇದೋರಲ್ಲಿ ವಾರಗಟ್ಟಲೆ. ಈ ಹೊತ್ತಿಗೆ ಅಮಲಿದೆಯಾ ಅನ್ನೋದು ಅದರಿಂದ ಗೊತ್ತಾಗಲ್ಲ.

ರಾತ್ರಿ ಪಾಳಿಯ ನಿದ್ದೆಗೇಡಂತೂ ಯಾವ ಕಪ್ಪಿನಲ್ಲೂ ಕಾಣಲ್ಲ. ಮೆಕ್ಯಾನಿಕ್, ಪೈಲಟ್, ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್, ಯಾರೇ ಆಗ್ಲಿ, ‘ನಿದ್ದೆ ಆಗಿಲ್ಲ, ಇವತ್ತು ನನ್ನ ಕೈಲಾಗಲ್ಲ’ ಅಂದ್ರೆ ಸಂಬಳ ಕತ್ತರಿಸದೆ ಮನೆಗೆ ಕಳಿಸ್ಬೇಕು. ಆ ನಿಯಮಕ್ಕೂ ಇಷ್ಟೇ ಹಠ ಹಿಡೀರಿ ಅಂತ ನಾನು ಕೇಳ್ತಿರೋದು.