ಅಳಿಸಿಹೋದ ಬ್ರಾಂಚ್ ಸಿಕ್ಕಿದ್ದು ಹಳೇ ಫೋಲ್ಡರಿನಲ್ಲೇ

ನಮ್ಮ ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವುದು ಗಿಟ್ ಎಂಬ ಸಾಫ್ಟ್‌ವೇರ್; ಅದರಲ್ಲಿ ಒಂದೊಂದು ಕೆಲಸಕ್ಕೆ ತೆಗೆಯುವ ಕವಲೇ ಬ್ರಾಂಚ್. ಸೋಮವಾರ ಬೆಳಿಗ್ಗೆ ಕೆಲಸ ಮುಂದುವರಿಸೋಣ ಎಂದು ಟರ್ಮಿನಲ್ ತೆರೆದೆ. ಬ್ರಾಂಚ್ ಹೆಸರಿನ ಮೊದಲ ಮೂರು ಅಕ್ಷರ ಟೈಪ್ ಮಾಡಿ ಟ್ಯಾಬ್ ಒತ್ತಿದೆ. ಹೆಸರು ಪೂರ್ತಿಯಾಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗಲೂ ಇಲ್ಲ. ಬ್ರಾಂಚ್‌ಗಳ ಪಟ್ಟಿ ತೆಗೆದು ನೋಡಿದರೆ ನನ್ನ 11 ದಿನಗಳ ಕೆಲಸ ಇದ್ದ ಬ್ರಾಂಚೇ ಅಲ್ಲಿರಲಿಲ್ಲ.

ಏನಾಗಿದೆ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶುಕ್ರವಾರ ಸಂಜೆ ಹಳೇ ಬ್ರಾಂಚ್‌ಗಳನ್ನು ಕ್ಲೀನ್ ಮಾಡಿದ್ದೆ. ಗಿಟ್‌ನಲ್ಲಿ ಬ್ರಾಂಚ್ ಅಳಿಸುವಾಗ ಚಿಕ್ಕ ಡಿ ಹಾಕಿದರೆ, ಮರ್ಜ್ ಆಗದೆ (ಬೇರೆ ಬ್ರಾಂಚಿಗೆ ಸೇರದೆ) ಉಳಿದ ಕೆಲಸ ಇದ್ದಲ್ಲಿ ಅದು ತಡೆಯುತ್ತದೆ. ದೊಡ್ಡ ಡಿ ಹಾಕಿದರೆ ಏನೂ ಕೇಳದೆ ಅಳಿಸುತ್ತದೆ. ನಮ್ಮ ಟೀಮಿನಲ್ಲಿ ಎಲ್ಲರೂ ಕಮಿಟ್‌ಗಳನ್ನು (ಗಿಟ್‌ನಲ್ಲಿ ಉಳಿಸಿದ ಕೆಲಸದ ಒಂದೊಂದು ಹಂತ) ಸ್ಕ್ವಾಶ್ ಮಾಡಿ ಮರ್ಜ್ ಮಾಡುತ್ತೇವೆ. ಹತ್ತು ಕಮಿಟ್ ಸೇರಿ ಮೇನ್ ಎಂಬ ಮುಖ್ಯ ಬ್ರಾಂಚಿನಲ್ಲಿ ಒಂದು ಹೊಸ ಕಮಿಟ್ ಆಗುತ್ತದೆ. ಹಳೇ ಹತ್ತಕ್ಕೂ ಈ ಹೊಸದಕ್ಕೂ ಸಂಬಂಧ ಇದೆ ಎಂದು ಗಿಟ್‌ಗೆ ಗೊತ್ತಾಗುವುದಿಲ್ಲ. ಹೀಗಾಗಿ ಮರ್ಜ್ ಆಗಿ ಮುಗಿದ ಬ್ರಾಂಚಿಗೂ ಎಷ್ಟೋ ಸಲ ‘ಪೂರ್ತಿ ಮರ್ಜ್ ಆಗಿಲ್ಲ’ ಎಂಬ ಎಚ್ಚರಿಕೆಯೇ ಬರುತ್ತದೆ. ಅದನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿಬಿಟ್ಟಿತ್ತು. ಆ ದಿನ ಹತ್ತಾರು ಹೆಸರು ಒಟ್ಟಿಗೆ ಕೊಟ್ಟು ದೊಡ್ಡ ಡಿ ಹಾಕಿದೆ. ಅದರ ನಡುವೆ ಈಗಿನ ಕೆಲಸದ ಬ್ರಾಂಚೂ ಸೇರಿಕೊಂಡಿತ್ತು. ಇನ್ನೂ ಅರ್ಧಂಬರ್ಧ ಇದೆ, ಈಗಲೇ ಯಾರಿಗೆ ತೋರಿಸುವುದು ಎಂದು ಅದನ್ನು ಒಂದು ಸಲವೂ ಪುಶ್ ಮಾಡಿರಲಿಲ್ಲ, ಅಂದರೆ ಟೀಮಿನ ಸರ್ವರಿಗೆ ಕಳಿಸಿರಲಿಲ್ಲ.

ಬ್ರಾಂಚ್ ಅಳಿಸಿದ ಕೂಡಲೇ ಗಿಟ್ ಒಂದು ಸಾಲು ಬರೆಯುತ್ತದೆ: ಇಂಥ ಬ್ರಾಂಚ್ ಅಳಿಸಿದೆ, ಅದು ಇಂಥ ಕಮಿಟ್‌ನಲ್ಲಿತ್ತು ಎಂದು. ಆ ಕಮಿಟ್ ನಂಬರ್ ಕೈಯಲ್ಲಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಟರ್ಮಿನಲ್ ಮುಚ್ಚಿ ಮನೆಗೆ ಹೋಗಿದ್ದೆ.

ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ, ರಿಪೊಸಿಟರಿಯನ್ನು (ಕೋಡ್ ಮತ್ತು ಅದರ ಇತಿಹಾಸ ಇರುವ ಸಂಗ್ರಹ) ಸರ್ವರ್‌ನಿಂದ ಬೇರೆ ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿದ್ದು. ಪುಶ್ ಮಾಡದ ಬ್ರಾಂಚ್ ಅಲ್ಲಿ ಎಲ್ಲಿಂದ ಬರಬೇಕು? ಸಿಗಲಿಲ್ಲ. ಹಳೇ ಫೋಲ್ಡರ್ ಏನೋ ಕೆಟ್ಟಿದೆ, ಅದನ್ನು ತೆಗೆದುಹಾಕಿ ಹೊಸದರಲ್ಲೇ ನೆನಪಿದ್ದಷ್ಟು ಬರೆಯೋಣ ಎಂದು ಹೊರಟಿದ್ದೆ. ಪಕ್ಕದಲ್ಲಿದ್ದ ಸೀನಿಯರ್ ಸ್ಕ್ರೀನ್ ನೋಡಿ ನಿಲ್ಲಿಸಿದರು.

‘ಆ ಫೋಲ್ಡರ್ ಮಾತ್ರ ಮುಟ್ಟಬೇಡಿ. ನಿಮ್ಮ ಕೆಲಸ ಇನ್ನೂ ಅದರೊಳಗೇ ಇದೆ.’

ಈ ಮಾತು ಅರ್ಥವಾಗಬೇಕಾದರೆ ಬ್ರಾಂಚ್ ಎಂದರೆ ಏನು ಎಂದು ತಿಳಿದಿರಬೇಕು. ಬ್ರಾಂಚ್ ಎಂದರೆ ಕೋಡ್ ತುಂಬಿದ ಡಬ್ಬಿ ಅಲ್ಲ. ಒಂದು ಕಮಿಟ್ ನಂಬರ್ ಬರೆದ ಚೀಟಿ, ಅಷ್ಟೇ. ಡಾಟ್ ಗಿಟ್ ಫೋಲ್ಡರಿನೊಳಗೆ ರೆಫ್ಸ್, ಅದರೊಳಗೆ ಹೆಡ್ಸ್ ಎಂಬ ಜಾಗಕ್ಕೆ ಹೋಗಿ ಒಂದು ಬ್ರಾಂಚಿನ ಫೈಲ್ ತೆರೆದು ನೋಡಿ. ಸಾಮಾನ್ಯವಾಗಿ ಅಲ್ಲಿರುವುದು 40 ಅಕ್ಷರಗಳ ಒಂದೇ ಸಾಲು. ಬ್ರಾಂಚ್ ಅಳಿಸಿದರೆ ಆ ಚೀಟಿ ಹೋಗುತ್ತದೆ. ಕಮಿಟ್‌ಗಳು ಇದ್ದಲ್ಲೇ ಇರುತ್ತವೆ, ಅವುಗಳ ಹತ್ತಿರ ಹೋಗುವ ಹೆಸರು ಮಾತ್ರ ಇರುವುದಿಲ್ಲ.

ಹೆಸರಿಲ್ಲದೆ ಹುಡುಕಲು ಇರುವ ದಾರಿ ರೆಫ್‌ಲಾಗ್. ನಾವು ಯಾವ ಕಮಿಟ್‌ನಿಂದ ಯಾವುದಕ್ಕೆ ಹೋದೆವು ಎಂದು ಗಿಟ್ ನಮ್ಮ ಮೆಷಿನ್‌ನಲ್ಲೇ ಬರೆದಿಡುವ ದಿನಚರಿ ಅದು. ಬ್ರಾಂಚ್ ಅಳಿಸಿದಾಗ ಆ ಬ್ರಾಂಚಿನದೇ ರೆಫ್‌ಲಾಗ್ ಕೂಡ ಹೋಗುತ್ತದೆ, ಆದರೆ ಹೆಡ್‌ನ (ಸದ್ಯ ನಾವಿರುವ ಜಾಗದ ಗುರುತು) ರೆಫ್‌ಲಾಗ್ ಉಳಿಯುತ್ತದೆ. ಇದು ಸರ್ವರಿಗೆ ಹೋಗುವುದಿಲ್ಲ, ಕ್ಲೋನ್ ಮಾಡಿದರೆ ಜೊತೆಗೆ ಬರುವುದೂ ಇಲ್ಲ. ಹಳೇ ಫೋಲ್ಡರ್ ಅಳಿಸಿದ್ದರೆ ನಿಜಕ್ಕೂ ಎಲ್ಲ ಮುಗಿಯುತ್ತಿತ್ತು.

‘ಗಿಟ್ ರೆಫ್‌ಲಾಗ್’ ಎಂದು ಟೈಪ್ ಮಾಡಿದೆ. ಉದ್ದದ ಪಟ್ಟಿ ಬಂತು, ಹೊಸದು ಮೇಲೆ, ಹಳೆಯದು ಕೆಳಗೆ. ನನ್ನ ಬ್ರಾಂಚಿನ ಹೆಸರು ಇದ್ದ ಸಾಲು ಕಂಡಿತು: ಆ ಬ್ರಾಂಚಿನಿಂದ ಮೇನ್‌ಗೆ ಚೆಕೌಟ್ ಮಾಡಿದ್ದು, ಅಂದರೆ ದಾಟಿದ್ದು. ಖುಷಿಯಿಂದ ಆ ಸಾಲಿನ ನಂಬರ್ ತೆಗೆದುಕೊಂಡು ಬ್ರಾಂಚ್ ಮಾಡಿದೆ. ತೆರೆದು ನೋಡಿದರೆ ನನ್ನ ಒಂದು ಕಮಿಟೂ ಇಲ್ಲ, ಬರೀ ಮೇನ್. ಎದೆ ಮತ್ತೆ ಧಸಕ್ ಎಂದಿತು. ರೆಫ್‌ಲಾಗ್‌ನ ಪ್ರತಿ ಸಾಲಿನಲ್ಲಿ ಇರುವುದು ಆ ಕೆಲಸ ಆದ ಮೇಲೆ ನಾವು ಎಲ್ಲಿದ್ದೆವು ಎಂಬ ನಂಬರ್. ಮೇನ್‌ಗೆ ಹೋದ ಸಾಲಿನಲ್ಲಿ ಮೇನ್‌ನ ನಂಬರೇ ಇರುತ್ತದೆ. ನಮಗೆ ಬೇಕಾದದ್ದು ಅದರ ಕೆಳಗಿನ ಸಾಲು, ಅಂದರೆ ಬ್ರಾಂಚ್ ಬಿಡುವ ಮುಂಚೆ ನಿಂತಿದ್ದ ಕಡೆಯ ಜಾಗ. ಎಡವುವುದು ಇಲ್ಲೇ ಜಾಸ್ತಿ, ಆಮೇಲೆ ಬೇರೆಯವರಿಗೆ ಸಹಾಯ ಮಾಡುವಾಗಲೂ ನೋಡಿದ್ದೇನೆ.

ತಪ್ಪು ಬ್ರಾಂಚ್ ಮಾಡಿದ್ದರಿಂದ ಏನೂ ಹಾಳಾಗಲಿಲ್ಲ, ಚೀಟಿ ತಾನೇ. ಕೆಳಗಿನ ಸಾಲಿನ ನಂಬರ್ ತೆಗೆದುಕೊಂಡು ‘ಗಿಟ್ ಬ್ರಾಂಚ್’, ಹೆಸರು, ನಂಬರ್ ಎಂದು ಕೊಟ್ಟೆ. ಲಾಗ್ ತೆಗೆದೆ. ಗುರುವಾರ ರಾತ್ರಿ ಬರೆದ ಕಡೆಯ ಕಮಿಟ್ ಮೆಸೇಜ್ ಮೇಲೆಯೇ ಕಾಣಿಸಿತು. ಟೆಸ್ಟ್‌ಗಳನ್ನು ಓಡಿಸಿ ನೋಡಿ, ಬೇರೆ ಏನೂ ಮಾಡುವ ಮೊದಲು ಪುಶ್ ಮಾಡಿದೆ.

ಇದಕ್ಕೂ ಗಡುವಿದೆ. ಡಿಫಾಲ್ಟ್ ಸೆಟ್ಟಿಂಗ್ ಪ್ರಕಾರ ರೆಫ್‌ಲಾಗ್ ಸಾಲುಗಳು 90 ದಿನ ಉಳಿಯುತ್ತವೆ. ಆದರೆ ಅಳಿಸಿದ ಬ್ರಾಂಚಿನ ಹಾಗೆ ಯಾವ ಹೆಸರಿನಿಂದಲೂ ತಲುಪಲಾಗದ ಕಮಿಟ್‌ಗಳ ಸಾಲಿಗೆ 30 ದಿನ ಮಾತ್ರ. ಆಮೇಲೆ ಗಿಟ್‌ನ ಗಾರ್ಬೇಜ್ ಕಲೆಕ್ಷನ್ (ಬೇಡವಾದದ್ದನ್ನು ತೆಗೆಯುವ ಕೆಲಸ) ನಡೆದಾಗ ಕಮಿಟ್‌ಗಳೇ ಹೋಗಬಹುದು. ರೆಫ್‌ಲಾಗ್‌ನಲ್ಲಿ ಸಿಗದಿದ್ದರೆ ‘ಗಿಟ್ ಎಫ್‌ಎಸ್‌ಸಿಕೆ’ ಕಮಾಂಡಿಗೆ ಲಾಸ್ಟ್-ಫೌಂಡ್ ಆಯ್ಕೆ ಕೊಟ್ಟು, ಯಾವುದಕ್ಕೂ ಸೇರದೆ ತೇಲುತ್ತಿರುವ ಕಮಿಟ್‌ಗಳನ್ನು ಹುಡುಕಬಹುದು. ಅಲ್ಲಿ ಬರೀ ನಂಬರ್‌ಗಳು ಬರುತ್ತವೆ, ಒಂದೊಂದಾಗಿ ತೆರೆದು ನೋಡಬೇಕು. ‘ಗಿಟ್ ಆ್ಯಡ್’ ಮಾಡಿ ಕಮಿಟ್ ಮಾಡದೆ ಬಿಟ್ಟ ಫೈಲ್ ಕೂಡ ಹೀಗೆ ಸಿಕ್ಕೀತು, ಹೆಸರಿಲ್ಲದೆ. ಆ್ಯಡ್ ಕೂಡ ಮಾಡದಿದ್ದರೆ ಗಿಟ್ ಹತ್ತಿರ ಅದರ ಪ್ರತಿಯೇ ಇರುವುದಿಲ್ಲ.

ಈಗ ನಾನು ಹೊಸ ಬ್ರಾಂಚ್ ತೆಗೆದ ದಿನವೇ ಪುಶ್ ಮಾಡಿ ಡ್ರಾಫ್ಟ್ ಪುಲ್ ರಿಕ್ವೆಸ್ಟ್ (ಮರ್ಜ್ ಮಾಡಲು ಕೇಳುವ ಕೋರಿಕೆಯ ಕರಡು) ಹಾಕುತ್ತೇನೆ. ಅರ್ಧಂಬರ್ಧ ಕೋಡ್ ಕಂಡರೆ ಕಾಣಲಿ. ಕ್ಲೀನ್ ಮಾಡುವಾಗ ‘ಗಿಟ್ ಬ್ರಾಂಚ್’ಗೆ ಎರಡು ವಿ ಹಾಕಿ ಪಟ್ಟಿ ನೋಡುತ್ತೇನೆ. ಸರ್ವರ್‌ನಲ್ಲಿ ಬ್ರಾಂಚ್ ಹೋಗಿದ್ದರೆ, ಪ್ರೂನ್ ಮಾಡಿ ಫೆಚ್ ಮಾಡಿದ ಮೇಲೆ (ಸರ್ವರ್‌ನ ಈಗಿನ ಸ್ಥಿತಿ ತರಿಸಿಕೊಂಡು, ಅಲ್ಲಿ ಇಲ್ಲದ ಹೆಸರುಗಳನ್ನು ನಮ್ಮಲ್ಲೂ ತೆಗೆದ ಮೇಲೆ), ಅದರ ಎದುರು ‘ಗಾನ್’ ಎಂದು ಬರುತ್ತದೆ. ಅಂಥವಕ್ಕೆ ಮಾತ್ರ ದೊಡ್ಡ ಡಿ.

ಕೆಲವು ತಿಂಗಳ ನಂತರ ಟೀಮಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಸರ್ವರ್‌ನಲ್ಲಿದ್ದ ಬೇರೆಯವರ ಬ್ರಾಂಚ್ ಅಳಿಸಿಬಿಟ್ಟಳು. ಬರೆದವರು ರಜೆಯಲ್ಲಿದ್ದರು, ಪುಲ್ ರಿಕ್ವೆಸ್ಟ್ ಇನ್ನೂ ಹಾಕಿರಲಿಲ್ಲ. ಅವಳ ಮೆಷಿನ್‌ಗೆ ಆ ಬ್ರಾಂಚ್ ಬಂದೇ ಇರಲಿಲ್ಲ. ಅವಳ ಮುಖ ನೋಡಿದಾಗ ನನ್ನ ಆ ಸೋಮವಾರ ನೆನಪಾಯಿತು. ‘ಈಗ ಯಾರೂ ಪ್ರೂನ್ ಮಾಡಬೇಡಿ’ ಎಂದು ಮೊದಲು ಟೀಮಿಗೆಲ್ಲ ಮೆಸೇಜ್ ಹಾಕಿದೆ. ಆಮೇಲೆ ಒಬ್ಬೊಬ್ಬರನ್ನಾಗಿ ಕೇಳಿದೆವು. ಮೂರನೆಯವರು ಹಿಂದಿನ ಸಂಜೆ ಫೆಚ್ ಮಾಡಿದ್ದರು. ಅವರ ಪಟ್ಟಿಯಲ್ಲಿ ಒರಿಜಿನ್ (ಸರ್ವರಿಗೆ ಗಿಟ್ ಕೊಡುವ ಹೆಸರು) ಕೆಳಗೆ ಆ ಹೆಸರು ಹಾಗೇ ಇತ್ತು. ಅಲ್ಲಿಂದಲೇ ಅವಳ ಕೈಯಲ್ಲಿ ಪುಶ್ ಮಾಡಿಸಿದೆವು.